ಆಟಗಾರನ ಓದಿನ ಹೊಣೆ

ತುಂಗಭದ್ರಾ ಜಲಾಶಯದ ಹಿನ್ನೀರಿಗೆ ಅನತಿದೂರದಲ್ಲಿ, ಹೊಸಪೇಟೆಯಿಂದ ಚಿತ್ರದುರ್ಗದ ಕಡೆಗೆ ಸಾಗುವ ಹೆದ್ದಾರಿಯ ಮೇಲಿರುವ ಮರಿಯಮ್ಮನಹಳ್ಳಿಯು ನಾಡಿನಲ್ಲಿ ಹೆಸರಾದುದು ತನ್ನ ರಂಗಕಲಾವಿದರಿಂದ. ವೃತ್ತಿನಾಟಕ ಮಂಡಲಿಗಳು ಊರಿಂದೂರಿಗೆ ಕ್ಯಾಂಪು ಹಾಕುತ್ತಿದ್ದ ಕಾಲದಲ್ಲಿ, ಕಂಠವೂ ಅಭಿನಯವೂ ಕೈಗೂಡಿದ ಮಕ್ಕಳು ಪಾಠಶಾಲೆಯನ್ನು ಅರ್ಧದಲ್ಲಿ ಬಿಟ್ಟು ಕಂಪನಿಯ ಹಿಂದೆ ನಡೆದದ್ದುಂಟು. ಕಂಪನಿ ನಡೆದಷ್ಟು ದಿನ ಅನ್ನಕ್ಕೂ ಗೌರವಕ್ಕೂ ಕೊರತೆಯಿಲ್ಲದೆ ಬಾಳಿ, ಕಂಪನಿ ಮುಳುಗಿದ ದಿನ ಬೇರೆ ಯಾವ ವಿದ್ಯೆಯೂ ಕೈಯಲ್ಲಿಲ್ಲದೆ ನಿಂತು, ಮುಪ್ಪಿನಲ್ಲಿ ಸರ್ಕಾರದ ಮಾಸಾಶನವನ್ನು ಎದುರುನೋಡುವಂತಾದದ್ದೂ ಉಂಟು. ಎಳವೆಯಲ್ಲಿಯೇ ಪ್ರತಿಭೆಯನ್ನು ಜೀವನೋಪಾಯವಾಗಿ ಸ್ವೀಕರಿಸುವುದರಲ್ಲಿ ಇರುವ ಸುಖವೇನು, ದುಃಖವೇನು ಎಂಬುದನ್ನು ಈ ಸೀಮೆಯ ಜನಕ್ಕೆ ಯಾರೂ ಹೊಸದಾಗಿ ತಿಳಿಸಿಕೊಡಬೇಕಾದುದಿಲ್ಲ.

ಇಂದು ಅದೇ ಪ್ರಶ್ನೆಯು ಆಟದ ಬಯಲಿನ ಮಾರ್ಗವಾಗಿ ಮನೆಗಳನ್ನು ಪ್ರವೇಶಿಸಿದೆ. ಎಸ್‌ಎಸ್‌ಎಲ್‌ಸಿ ಮುಗಿಸಿ ಪಿಯುಸಿಯ ಮೆಟ್ಟಿಲಲ್ಲಿ ನಿಂತ ಹುಡುಗನೊಬ್ಬನು ಕ್ರಿಕೆಟ್ಟಿನಲ್ಲಿಯೋ ಕಬಡ್ಡಿಯಲ್ಲಿಯೋ ಕುಸ್ತಿಯಲ್ಲಿಯೋ ಸಮವಯಸ್ಕರನ್ನು ಮೀರಿಸಿದನೆಂದರೆ, ಇನ್ನು ಕಾಲ ಕಳೆಯದೆ ಪೂರ್ಣಾವಧಿ ಅಭ್ಯಾಸಕ್ಕೆ ಬರತಕ್ಕದ್ದೆಂದು ತರಬೇತುದಾರರು ಹೇಳುತ್ತಾರೆ. ಮೊದಲು ಒಂದು ಡಿಗ್ರಿ ಆಗಲಿ, ಆಟ ಆಮೇಲೆ ಎಂದು ಮನೆಯ ಹಿರಿಯರು ಹೇಳುತ್ತಾರೆ. ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ದೇಹವು ಕಲಿಯುವ ವಯಸ್ಸು ಒಮ್ಮೆ ಕಳೆದರೆ ಮರಳಿ ಬಾರದು. ಆಟದಿಂದ ಅನ್ನ ದೊರೆಯುವ ಭರವಸೆಯೂ ಇಲ್ಲ. ಈ ಇಬ್ಬಂದಿಯಲ್ಲಿ ಹುಡುಗನು ಏನನ್ನು ಆರಿಸಿಕೊಳ್ಳಬೇಕೆಂಬುದರ ಬಗ್ಗೆ ಎಲ್ಲರೂ ಚರ್ಚಿಸುತ್ತಾರೆ. ಅವನ ಆಯ್ಕೆಯು ಕೈಕೊಟ್ಟರೆ ಅದರ ಹೊಣೆಯನ್ನು ಯಾರು ಹೊರತಕ್ಕದ್ದು ಎಂಬುದನ್ನು ಮಾತ್ರ ಕೇಳುವವರು ವಿರಳ. ನನಗೆ ಮುಖ್ಯವಾಗಿ ತೋರುವುದು ಈ ಎರಡನೆಯ ಪ್ರಶ್ನೆ.

ಕ್ರೀಡೆಯನ್ನೇ ವೃತ್ತಿಯಾಗಿಸಿಕೊಂಡ ಜನ ಈ ನೆಲದಲ್ಲಿ ಹಿಂದೆಯೂ ಇದ್ದರು. ಹಂಪೆಯ ಮಹಾನವಮಿ ದಿಬ್ಬದ ಕಲ್ಲಿನ ಪಟ್ಟಿಕೆಗಳಲ್ಲಿ ನರ್ತಕಿಯರು, ಬೇಟೆಗಾರರು, ಆನೆ ಕುದುರೆಗಳ ಸಾಲಿನೊಂದಿಗೆ ಜಟ್ಟಿಗಳ ಜೋಡಿಗಳನ್ನೂ ಕಾಣಬಹುದು. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಎಂಬವನು ನವರಾತ್ರಿಯ ಮಲ್ಲಯುದ್ಧವನ್ನು ಕಣ್ಣಾರೆ ಕಂಡು ವರ್ಣಿಸಿದ್ದಾನೆ: ಹಲ್ಲು ಮುರಿಯುವಂತಹ, ಮುಖ ವಿಕಾರಗೊಳ್ಳುವಂತಹ ಹೊಡೆತಗಳು, ಸೆಣಸಾಟವನ್ನು ಸಮತೂಕದಲ್ಲಿ ನಡೆಸಲು ನೇಮಕಗೊಂಡ ನಾಯಕರು, ಗೆದ್ದವನಿಗೆ ಸಲ್ಲುವ ಗೌರವ. ಈ ಜಟ್ಟಿಗಳಿಗೆ ರಾಜ್ಯದಲ್ಲಿ ಬೇರೆ ಯಾವ ಊಳಿಗವೂ ಇರಲಿಲ್ಲವೆಂಬ ಸಂಗತಿಯನ್ನು ಅವನ ತರುವಾಯ ಬಂದ ಇನ್ನೊಬ್ಬ ಪೋರ್ಚುಗೀಸನಾದ ಫೆರ್ನಾವೊ ನೂನಿಜ್ ಗಮನಿಸಿದ್ದಾನೆ. ಅವರ ಜೀವನಾಧಾರವು ಅರಮನೆಯ ಮೇಲಿತ್ತು. ಯಾರ ಉತ್ಸವದ ವೈಭವಕ್ಕಾಗಿ ಅವರು ಹಲ್ಲು ಮುರಿದುಕೊಂಡರೋ ಅವರೇ ಅವರನ್ನು ಸಾಕುತ್ತಿದ್ದರು.

ಓದು ಮತ್ತು ಆಟಗಳ ನಡುವಣ ಈ ಆಯ್ಕೆಯನ್ನು ಅತ್ಯಂತ ಸ್ಪಷ್ಟವಾದ ನಿಯಮಗಳೊಳಗೆ ತಂದಿರಿಸಿರುವುದು ನನಗೆ ತಿಳಿದಮಟ್ಟಿಗೆ ಅಮೆರಿಕದ ಬೇಸ್‌ಬಾಲ್ ಆಟ. ನಮ್ಮ ಕಡೆಯಲ್ಲಿ ಇದನ್ನು ಬಲ್ಲವರು ಕಡಿಮೆಯಾದರೂ, ಅದರ ವ್ಯವಸ್ಥೆಯಿಂದ ನಾವು ತಿಳಿಯಬೇಕಾದುದು ಬಹಳವಿದೆ. ಆದಕಾರಣ ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅಲ್ಲಿಯ ವೃತ್ತಿತಂಡಗಳೆಲ್ಲವೂ ವರ್ಷಕ್ಕೊಮ್ಮೆ ಕೂಡಿ, ಸರದಿಯ ಪ್ರಕಾರ ಹೊಸ ಆಟಗಾರರ ಹೆಸರುಗಳನ್ನು ಕೂಗಿ ಆರಿಸಿಕೊಳ್ಳುವ ಪದ್ಧತಿಯು 1965ರಲ್ಲಿ ಆರಂಭವಾಯಿತು. ಇದಕ್ಕೆ ಡ್ರಾಫ್ಟ್ ಎಂದು ಹೆಸರು. ಪ್ರೌಢಶಾಲೆಯನ್ನು ಮುಗಿಸಿದ ಹದಿನೆಂಟರ ಹುಡುಗನನ್ನು ತಂಡವು ಆರಿಸಿದಾಗ, ಸಹಿ ಹಾಕಿ ವೃತ್ತಿಗೆ ಹೋಗುವುದಕ್ಕೂ, ನಿರಾಕರಿಸಿ ಕಾಲೇಜಿಗೆ ಹೋಗುವುದಕ್ಕೂ ಅವನು ಸ್ವತಂತ್ರನು. ಆದರೆ ನಾಲ್ಕು ವರ್ಷದ ಕಾಲೇಜನ್ನು ಸೇರಿದವನನ್ನು ಮೂರು ವರ್ಷ ಕಳೆಯುವವರೆಗೆ, ಇಲ್ಲವೆ ಅವನಿಗೆ ಇಪ್ಪತ್ತೊಂದು ತುಂಬುವವರೆಗೆ, ಯಾವ ತಂಡವೂ ಮರಳಿ ಆರಿಸುವಂತಿಲ್ಲ. ಒಂದು ಸಲ ಬೇಡವೆಂದು ಅಂತಹ ಕಾಲೇಜಿಗೆ ಹೋದವನು ಸಾಮಾನ್ಯವಾಗಿ ಮೂರು ವರ್ಷ ಕಾಯಬೇಕು. ಆ ಅವಧಿಯಲ್ಲಿ ಭುಜ ನೊಂದರೆ, ಆಟ ಮಂಕಾದರೆ, ಕೈಗೆ ಬಂದಿದ್ದ ಹಣವು ಹೋದಂತೆಯೇ.

ಸಹಿ ಹಾಕಿದವನ ಪಾಡೂ ಸುಲಭವಾದುದಲ್ಲ. ಕ್ರಿಕೆಟ್ಟಿನಲ್ಲಿ ಹತ್ತೊಂಬತ್ತರ ಹುಡುಗನು ನೇರವಾಗಿ ದೇಶದ ತಂಡಕ್ಕೆ ಏರಿದ ಉದಾಹರಣೆಗಳುಂಟು. ಬೇಸ್‌ಬಾಲಿನಲ್ಲಿ ಅದು ಅಪರೂಪ. ಹೊಸಬರ ಲೀಗಿನಿಂದ ಮೊದಲುಗೊಂಡು, ಎ, ಹೈ ಎ, ಡಬಲ್ ಎ, ಟ್ರಿಪಲ್ ಎ ಎಂಬ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ, ಸಣ್ಣ ಊರುಗಳಲ್ಲಿ ಸಣ್ಣ ಸಂಬಳಕ್ಕೆ ಆಡಿ, ಬಸ್ಸುಗಳಲ್ಲಿ ರಾತ್ರಿಗಳನ್ನು ಕಳೆದು, ವರ್ಷಗಳ ತರುವಾಯ ಅವರಲ್ಲಿ ಕೆಲವರು ಮಾತ್ರ ಮೇಜರ್ ಲೀಗ್ ಎಂಬ ಶಿಖರವನ್ನು ತಲಪುತ್ತಾರೆ. 2019ರವರೆಗೆ ಈ ಆಯ್ಕೆಯು ನಲವತ್ತು ಸುತ್ತುಗಳವರೆಗೆ ನಡೆಯುತ್ತಿತ್ತು. 2021ರಿಂದ ಅದನ್ನು ಇಪ್ಪತ್ತಕ್ಕೆ ಇಳಿಸಿದ್ದಾರೆ. ಮೊದಲ ಸುತ್ತಿನವನಿಗೆ ಸಹಿಯ ಕಾಣಿಕೆಯಾಗಿ ಲಕ್ಷಾಂತರ ಡಾಲರು ದೊರೆತರೆ, ಕಡೆಯ ಸುತ್ತಿನವನಿಗೆ ದೊರೆಯುವುದು ಅದರ ಲೇಶಮಾತ್ರ. ಕಾಲೇಜಿನ ದಾರಿಯೂ ಹೊರಗಿನಿಂದ ಕಾಣುವಷ್ಟು ಉದಾರವಾದುದಲ್ಲ. ಅಲ್ಲಿಯ ಅಗ್ರಶ್ರೇಣಿಯ ಕಾಲೇಜು ತಂಡವೊಂದಕ್ಕೆ ಬಹುಕಾಲ ಇದ್ದ ಪೂರ್ಣ ವಿದ್ಯಾರ್ಥಿವೇತನಗಳ ಮಿತಿಯು 11.7; ಆ ಹನ್ನೆರಡಕ್ಕೂ ಕಡಿಮೆಯಾದ ವೇತನಗಳನ್ನು ಇಪ್ಪತ್ತಕ್ಕೂ ಮೇಲ್ಪಟ್ಟ ಹುಡುಗರು ತುಣುಕುತುಣುಕಾಗಿ ಹಂಚಿಕೊಂಡು, ಮಿಕ್ಕ ವೆಚ್ಚವನ್ನು ತಂದೆತಾಯಿಗಳಿಂದ ಭರಿಸಿಕೊಳ್ಳುತ್ತಿದ್ದರು.

ಇಷ್ಟೆಲ್ಲ ಕಠಿಣವಾದ ಈ ವ್ಯವಸ್ಥೆಯೊಳಗೆ ನನ್ನ ಮನಸ್ಸನ್ನು ಸೆಳೆದ ನಿಯಮವೊಂದಿದೆ. ಪ್ರೌಢಶಾಲೆಯಿಂದ ನೇರವಾಗಿ ವೃತ್ತಿಗೆ ಬರುವ ಹುಡುಗನು ಸಹಿ ಹಾಕುವಾಗ, ಮುಂದೆ ಅವನು ಆಟವನ್ನು ಬಿಟ್ಟು ಕಾಲೇಜಿಗೆ ಹೋಗಬಯಸಿದರೆ ಇಷ್ಟು ವರ್ಷಗಳ ವ್ಯಾಸಂಗದ ಖರ್ಚನ್ನು ತಂಡವೇ ಕೊಡತಕ್ಕದ್ದೆಂದು ಕರಾರುಪತ್ರದಲ್ಲಿಯೇ ಬರೆಯಿಸಿಕೊಳ್ಳಬಹುದು. ಆಟ ಮುಗಿದ ಮೇಲೆ ನಿಗದಿಯಾದ ಅವಧಿಯೊಳಗೆ ಓದನ್ನು ಆರಂಭಿಸಬೇಕೆಂಬ ಷರತ್ತು ಅದಕ್ಕಿದೆ; ಬರೆಯಿಸಿಕೊಂಡವರೆಲ್ಲ ಅದನ್ನು ಬಳಸುತ್ತಾರೆಂದೂ ಅಲ್ಲ. ಆದರೂ ಹುಡುಗನ ಯೌವನದ ಮೇಲೆ ಹಣ ಹೂಡುವವರು ಅವನ ಸೋಲಿನಲ್ಲಿಯೂ ಪಾಲುದಾರರು ಎಂಬ ತತ್ತ್ವವನ್ನು ಕಾಗದದ ಮೇಲೆ ಒಪ್ಪಿಕೊಂಡಿರುವುದು ಸಾಮಾನ್ಯವಾದ ಸಂಗತಿಯಲ್ಲ. ಅರಮನೆಯು ಜಟ್ಟಿಗಳ ವಿಷಯದಲ್ಲಿ ಹೊತ್ತಿದ್ದ ಭಾರವನ್ನು ಇಲ್ಲಿ ವ್ಯಾಪಾರಸಂಸ್ಥೆಯೊಂದು ಕರಾರಿನ ಮೂಲಕ ಹೊರುತ್ತದೆ.

ಈ ಆಯ್ಕೆಯ ಏರುಪೇರುಗಳನ್ನೆಲ್ಲ ಒಬ್ಬನೇ ಆಟಗಾರನ ಜೀವನದಲ್ಲಿ ಕಾಣಬೇಕೆಂದರೆ ಕುಮಾರ್ ರಾಕರ್‌ನ ವೃತ್ತಾಂತವನ್ನು ನೋಡಬೇಕು. ಅವನ ತಂದೆ ಅಮೆರಿಕನ್ ಫುಟ್‌ಬಾಲಿನ ಹೆಸರಾಂತ ಆಟಗಾರ. ತಾಯಿಯ ಮನೆತನವು ಭಾರತದಿಂದ ವಲಸೆ ಹೋದದ್ದು. 2018ರಲ್ಲಿ ಪ್ರೌಢಶಾಲೆಯನ್ನು ಮುಗಿಸಿದಾಗ ಕೊಲೊರಾಡೊ ತಂಡವು ಅವನನ್ನು ಮೂವತ್ತೆಂಟನೆಯ ಸುತ್ತಿನಲ್ಲಿ ಆರಿಸಿತು. ಅವನು ಒಪ್ಪದೆ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯವನ್ನು ಸೇರಿದನು. ಮರುವರ್ಷವೇ ಡ್ಯೂಕ್ ವಿಶ್ವವಿದ್ಯಾಲಯದ ವಿರುದ್ಧ, ಎದುರಾಳಿಗೆ ಒಂದೂ ಹಿಟ್ ಬಿಟ್ಟುಕೊಡದೆ ಹತ್ತೊಂಬತ್ತು ಬಾರಿ ದಾಂಡಿಗರನ್ನು ಹೊಡೆತವಿಲ್ಲದೆ ಹಿಂದಕ್ಕೆ ಕಳುಹಿಸಿ, ದೇಶದಾದ್ಯಂತ ಹೆಸರಾದನು. ಆ ವರ್ಷ ಅವನ ವಿಶ್ವವಿದ್ಯಾಲಯವು ಕಾಲೇಜುಗಳ ಮಹಾಪಂದ್ಯಾವಳಿಯನ್ನು ಗೆದ್ದಿತು. 2021ರಲ್ಲಿ ನ್ಯೂಯಾರ್ಕಿನ ಮೆಟ್ಸ್ ತಂಡವು ಅವನನ್ನು ಹತ್ತನೆಯವನಾಗಿ ಆರಿಸಿತು. ಕಾಲೇಜನ್ನು ನಂಬಿದವನು ಗೆದ್ದನೆಂದು ಜನ ಹೇಳುತ್ತಿರುವಾಗಲೇ, ವೈದ್ಯಕೀಯ ಪರೀಕ್ಷೆಯಲ್ಲಿ ಅವನ ತೋಳಿನ ಬಗ್ಗೆ ಸಂದೇಹ ಬಂದು ತಂಡವು ಕರಾರಿಗೆ ಸಹಿ ಹಾಕಲಿಲ್ಲ. ಭುಜದ ಶಸ್ತ್ರಚಿಕಿತ್ಸೆಯಾಯಿತು, ಯಾವ ದೊಡ್ಡ ತಂಡಕ್ಕೂ ಸೇರದ ಸ್ವತಂತ್ರ ಲೀಗೊಂದರಲ್ಲಿ ಆಡಬೇಕಾಯಿತು. 2022ರಲ್ಲಿ ಟೆಕ್ಸಾಸ್ ರೇಂಜರ್ಸ್ ತಂಡವು ಮೂರನೆಯ ಸ್ಥಾನದಲ್ಲಿಯೇ ಅವನನ್ನು ಆರಿಸಿತು; 2023ರಲ್ಲಿ ಮೊಣಕೈಗೆ ಮತ್ತೊಂದು ಶಸ್ತ್ರಚಿಕಿತ್ಸೆ; 2024ರ ಸೆಪ್ಟೆಂಬರಿನಲ್ಲಿ ಕೊನೆಗೂ ಮೇಜರ್ ಲೀಗಿನ ಅಂಗಳ. ಈ ಚರಿತ್ರೆಯನ್ನು ಓದಿದವನು ಕಾಲೇಜೇ ಸರಿಯೆಂದಾಗಲಿ ವೃತ್ತಿಯೇ ಸರಿಯೆಂದಾಗಲಿ ತೀರ್ಪು ಕೊಡಲಾರನು. ನಮ್ಮ ಉತ್ತರ ಪ್ರದೇಶದ ಈಟಿ ಎಸೆಯುವ ಹುಡುಗರಾದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಎಂಬವರು ದೂರದರ್ಶನದ ಸ್ಪರ್ಧೆಯೊಂದರಲ್ಲಿ ಎದ್ದು ಕಂಡು, 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದೊಡನೆ ಕರಾರು ಮಾಡಿಕೊಂಡದ್ದೂ, ದಿನೇಶನು 2010ರಲ್ಲಿ ಬಿಡುಗಡೆಯಾಗಿ ತಾಯ್ನಾಡಿಗೆ ಮರಳಿದ್ದೂ, ಇಬ್ಬರೂ ಮೇಜರ್ ಲೀಗನ್ನು ಮುಟ್ಟದೆ ಹೋದದ್ದೂ ಇದೇ ಅಧ್ಯಾಯಕ್ಕೆ ಸೇರಿದ ಮಾತು.

ಇನ್ನು ಕರ್ನಾಟಕಕ್ಕೆ ಬರೋಣ. ಓದಿಗಾಗಿ ಆಟವನ್ನು ತಡೆಹಿಡಿದವರಲ್ಲಿ ನಮ್ಮ ಎರಪಳ್ಳಿ ಪ್ರಸನ್ನರಿಗೆ ಸಮಾನರಾದವರನ್ನು ಹುಡುಕುವುದು ಕಷ್ಟ. 1940ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಅವರು, ಮೈಸೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಎಂಜಿನಿಯರಿಂಗ್‌ನ ವಿದ್ಯಾರ್ಥಿ. 1962ರ ಜನವರಿಯಲ್ಲಿ ಮದರಾಸಿನಲ್ಲಿ ಇಂಗ್ಲೆಂಡಿನ ವಿರುದ್ಧ ಮೊದಲ ಟೆಸ್ಟ್ ಆಡಿ, ಅದೇ ವರ್ಷ ವೆಸ್ಟ್ ಇಂಡೀಸಿಗೆ ಹೋದ ತಂಡದಲ್ಲಿ ಸ್ಥಾನ ಪಡೆದರು. ಇಪ್ಪತ್ತೊಂದರ ತರುಣನಿಗೆ ದೇಶದ ತಂಡದ ಬಾಗಿಲು ತೆರೆದಿದ್ದ ಗಳಿಗೆಯದು. ಅಲ್ಲಿಂದ ಮರಳಿದವರು ಎಂಜಿನಿಯರಿಂಗ್ ಪದವಿಯನ್ನು ಪೂರೈಸುವುದಕ್ಕಾಗಿ ಆಟದಿಂದ ಹಿಂದೆ ಸರಿದರು. ಮುಂದಿನ ಟೆಸ್ಟ್ ಪಂದ್ಯವನ್ನು ಅವರು ಆಡಿದ್ದು 1967ರಲ್ಲಿ. ಸ್ಪಿನ್ ಬೌಲರನೊಬ್ಬನ ಬೆರಳುಗಳು ಪಳಗುವ ಐದು ವರ್ಷಗಳು ಅವು. ಆ ಐದು ವರ್ಷಗಳಲ್ಲಿ ಬೇರೊಬ್ಬರು ಅವರ ಸ್ಥಾನದಲ್ಲಿ ಭದ್ರವಾಗಿ ನೆಲೆಯೂರಿದ್ದರೆ, ನಾವಿಂದು ಪ್ರಸನ್ನರ ಹೆಸರನ್ನೇ ಕೇಳುತ್ತಿರಲಿಲ್ಲವೇನೋ. ಆದರೆ ಮರಳಿ ಬಂದವರು 1967-68ರ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್ ಪ್ರವಾಸದಲ್ಲಿ 49 ವಿಕೆಟ್ ಪಡೆದರು; ಭಾರತವು ವಿದೇಶದ ನೆಲದಲ್ಲಿ ಮೊದಲ ಸರಣಿಯನ್ನು ಗೆದ್ದದ್ದು ಆ ಪ್ರವಾಸದಲ್ಲಿಯೇ. 49 ಟೆಸ್ಟುಗಳಲ್ಲಿ 189 ವಿಕೆಟ್ ಅವರ ಗಳಿಕೆ. 1973-74ರಲ್ಲಿ, ಹದಿನೈದು ವರ್ಷ ಸತತವಾಗಿ ಗೆದ್ದಿದ್ದ ಮುಂಬಯಿಯನ್ನು ಕೆಳಗಿಳಿಸಿ ನಮ್ಮ ರಾಜ್ಯಕ್ಕೆ ಮೊದಲ ರಣಜಿ ಟ್ರೋಫಿಯನ್ನು ತಂದ ತಂಡದ ನಾಯಕರೂ ಅವರೇ.

ಆ ದಾರಿಯು ಪ್ರಸನ್ನರೊಂದಿಗೆ ಮುಗಿಯಲಿಲ್ಲ. ಅನಿಲ್ ಕುಂಬ್ಳೆಯವರು ಬೆಂಗಳೂರಿನ ಆರ್.ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿರುವಾಗಲೇ, 1990ರ ಆಗಸ್ಟಿನಲ್ಲಿ ಮ್ಯಾಂಚೆಸ್ಟರಿನಲ್ಲಿ ಮೊದಲ ಟೆಸ್ಟ್ ಆಡಿದರು. ಎರಡನೆಯ ಟೆಸ್ಟ್ ಬಂದದ್ದು 1992ರಲ್ಲಿ, ಅಷ್ಟರಲ್ಲಿ ಪದವಿಯೂ ಕೈಸೇರಿತ್ತು. ಜಾವಗಲ್ ಶ್ರೀನಾಥರು ಮೈಸೂರಿನ ಎಸ್‌ಜೆಸಿಇಯಿಂದ ಬಂದ ಎಂಜಿನಿಯರು. ರಾಹುಲ್ ದ್ರಾವಿಡರು ವಾಣಿಜ್ಯ ಪದವಿಯ ಬಳಿಕ ಎಂಬಿಎ ವ್ಯಾಸಂಗದಲ್ಲಿರುವಾಗ ದೇಶದ ತಂಡಕ್ಕೆ ಕರೆ ಬಂದಿತು. ಅವರ ತಾಯಿ ಬೆಂಗಳೂರಿನ ಯುವಿಸಿಇ ಕಾಲೇಜಿನಲ್ಲಿ ವಾಸ್ತುಶಿಲ್ಪದ ಪ್ರಾಧ್ಯಾಪಕಿಯಾಗಿದ್ದರು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ಕೊಡಮುಂದಾದಾಗ, ಕ್ರೀಡೆಯ ಕ್ಷೇತ್ರದಲ್ಲಿ ಸಂಶೋಧನೆ ನಡೆಸಿಯೇ ಅದನ್ನು ಸಂಪಾದಿಸಬಯಸುವೆನೆಂದು ಅವರು ವಿನಯದಿಂದ ನಿರಾಕರಿಸಿದ್ದು, ವಿದ್ಯೆಯನ್ನು ಕುರಿತು ಆ ಮನೆಯಲ್ಲಿದ್ದ ಭಾವನೆಗೆ ತಕ್ಕುದಾಗಿತ್ತು.

ಈ ಹೆಸರುಗಳನ್ನು ಮಕ್ಕಳ ಮುಂದೆ ಎತ್ತಿಹಿಡಿದು, ನೋಡಿ, ಎರಡನ್ನೂ ಮಾಡಬಹುದು ಎಂದು ಬುದ್ಧಿ ಹೇಳುವುದು ನಮ್ಮಲ್ಲಿ ರೂಢಿಯಾಗಿದೆ. ನ್ಯಾಯವಾಗಿ ನೋಡಿದರೆ ಆ ಉಪದೇಶದಲ್ಲಿ ಅರ್ಧ ಮಾತು ಬಿಟ್ಟುಹೋಗುತ್ತದೆ. ಇವರ ಓದು ನಡೆದದ್ದು ಬೆಂಗಳೂರು ಮೈಸೂರುಗಳಲ್ಲಿ. ಕಾಲೇಜಿನ ಸಮೀಪದಲ್ಲಿಯೇ ಆಟದ ಬಯಲಿತ್ತು, ಮನೆಯಲ್ಲಿ ಓದಿನ ವಾತಾವರಣವಿತ್ತು. ಆ ಕಾಲದ ಕ್ರಿಕೆಟ್ ವರ್ಷದ ಕೆಲವು ತಿಂಗಳುಗಳನ್ನಷ್ಟೇ ಬೇಡುತ್ತಿತ್ತು. ಬ್ಯಾಂಕುಗಳೂ ರೈಲ್ವೆಯೂ ಆಟಗಾರರನ್ನು ನೌಕರಿಗೆ ಸೇರಿಸಿಕೊಂಡು, ಆಟವಾಡಲು ರಜೆ ಕೊಟ್ಟು, ಆಟ ಮುಗಿದ ಮೇಲೆಯೂ ಸಂಬಳವನ್ನು ಉಳಿಸುತ್ತಿದ್ದವು. ಭದ್ರಾವತಿಯ ಗುಂಡಪ್ಪ ವಿಶ್ವನಾಥರು ಸ್ಟೇಟ್ ಬ್ಯಾಂಕಿನ ಉದ್ಯೋಗಿಯಾಗಿದ್ದುದನ್ನು ನೆನೆಯಬಹುದು. ಅಂದಿನ ಆಟಗಾರನ ನಾಳೆಯ ಹೊಣೆಯನ್ನು ಒಂದು ಸಂಸ್ಥೆಯು ಹೊತ್ತಿತ್ತು. ಸಂಡೂರಿನ ಗಣಿಯ ಕೂಲಿಕಾರನ ಮಗನಿಗೋ ಕಂಪ್ಲಿಯ ಭತ್ತದ ಗದ್ದೆಯ ಗೇಣಿದಾರನ ಮಗಳಿಗೋ ಪ್ರಸನ್ನರ ಧೈರ್ಯವನ್ನು ಬೋಧಿಸುವಾಗ, ಪ್ರಸನ್ನರ ಬೆನ್ನಿಗಿದ್ದ ಆಸರೆಗಳನ್ನೂ ಒದಗಿಸಬೇಕಾದುದು ಬೋಧಿಸುವವರ ಕರ್ತವ್ಯ.

ಕಾಲವಾದರೋ ಬಹಳ ಬದಲಾಗಿದೆ. 2008ರಲ್ಲಿ ಐಪಿಎಲ್, 2014ರಲ್ಲಿ ಪ್ರೊ ಕಬಡ್ಡಿ ಆರಂಭವಾದ ಮೇಲೆ, ಆಟವೆಂಬುದು ಹರಾಜಿನ ಮೊತ್ತದಿಂದ ಅಳೆಯಲ್ಪಡುವ ಪೂರ್ಣಾವಧಿಯ ಉದ್ಯೋಗವಾಯಿತು. ಬಿಹಾರದ ವೈಭವ್ ಸೂರ್ಯವಂಶಿಯನ್ನು ಹದಿಮೂರರ ವಯಸ್ಸಿನಲ್ಲಿಯೇ, 2024ರ ನವೆಂಬರಿನ ಹರಾಜಿನಲ್ಲಿ, ರಾಜಸ್ಥಾನ ರಾಯಲ್ಸ್ ತಂಡವು 1.10 ಕೋಟಿ ರೂಪಾಯಿಗೆ ಕೊಂಡಿತು. ಮರುವರ್ಷ ಏಪ್ರಿಲಿನಲ್ಲಿ ಆ ಬಾಲಕನು ಮೂವತ್ತೈದು ಎಸೆತಗಳಲ್ಲಿ ಶತಕ ಬಾರಿಸಿದಾಗ, ತಂಡದ ತರಬೇತುದಾರರಾಗಿ ಅದನ್ನು ನೋಡುತ್ತಿದ್ದವರು ಎಂಬಿಎ ಓದುತ್ತಿದ್ದಾಗ ದೇಶದ ತಂಡಕ್ಕೆ ಆಯ್ಕೆಯಾಗಿದ್ದ ಅದೇ ರಾಹುಲ್ ದ್ರಾವಿಡರು. ಅಮೆರಿಕದಲ್ಲಿ ಹದಿನೆಂಟಕ್ಕೆ ಬರುವ ಪ್ರಶ್ನೆಯು ನಮ್ಮಲ್ಲಿ ಎಂಟನೆಯ ಒಂಬತ್ತನೆಯ ತರಗತಿಗೇ ಬಂದು ನಿಂತಿದೆ. ಇದು ನನ್ನನ್ನು ನಿಜವಾಗಿ ಕಳವಳಗೊಳಿಸುತ್ತದೆ. ಆ ವಯಸ್ಸಿನ ಮಗುವಿನ ಸಮ್ಮತಿಯನ್ನು ಸಮ್ಮತಿಯೆಂದು ಕರೆಯಲು ಮನಸ್ಸು ಹಿಂಜರಿಯುತ್ತದೆ.

ನಮ್ಮ ಸೀಮೆಗೂ ಈ ಹೊಸ ಗಾಳಿ ಬೀಸಿದೆ. ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ದಾರಿಯಲ್ಲಿ, ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಬಳಿ, ಉಕ್ಕಿನ ಕಾರ್ಖಾನೆಯ ನೆರೆಯಲ್ಲಿ, ಜೆಎಸ್‌ಡಬ್ಲ್ಯು ಸಮೂಹದವರು 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಎಂಬ ವಸತಿಸಹಿತ ಕ್ರೀಡಾಸಂಸ್ಥೆಯನ್ನು ತೆರೆದರು. ಕುಸ್ತಿ, ಬಾಕ್ಸಿಂಗ್, ಜುಡೊ, ಅಥ್ಲೆಟಿಕ್ಸ್‌ಗಳಲ್ಲಿ ದೇಶದ ನಾನಾ ಭಾಗಗಳ ತರುಣತರುಣಿಯರು ಅಲ್ಲಿ ಪಳಗುತ್ತಾರೆ. ಬೆಂಗಳೂರು ಎಫ್‌ಸಿ ಎಂಬ ಫುಟ್‌ಬಾಲ್ ಸಂಘದ ಕಿರಿಯರ ವಸತಿ ಅಕಾಡೆಮಿಯೂ ಆ ಪರಿಸರದಲ್ಲಿಯೇ ನೆಲೆಗೊಂಡಿತು. ಮಹಾನವಮಿ ದಿಬ್ಬದಿಂದ ಒಂದೆರಡು ಗಂಟೆಯೊಳಗೆ ತಲಪಬಹುದಾದ ಸ್ಥಳದಲ್ಲಿ ಮತ್ತೆ ಜಟ್ಟಿಗಳು ಸಿದ್ಧರಾಗುತ್ತಿರುವುದು ನನಗೆ ಸಂತೋಷದ ವಿಷಯ. ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಯೋಜನೆಯು ಆಯ್ದ ಪ್ರತಿಭಾವಂತರಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಯಂತೆ ಎಂಟು ವರ್ಷದವರೆಗೆ ನೆರವನ್ನು ಆರಂಭದಲ್ಲಿ ಉದ್ದೇಶಿಸಿತ್ತು. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ವಸತಿನಿಲಯಗಳೂ ಇವೆ. ಆಯ್ಕೆಯಾದ ಮಗುವಿಗೆ ಇವೆಲ್ಲ ದೊಡ್ಡ ಆಸರೆ. ಪಟ್ಟಿಯಿಂದ ಹೆಸರು ಬಿದ್ದುಹೋದ ಮಗುವಿನ ಹದಿನೆಂಟನೆಯ ಮತ್ತು ಇಪ್ಪತ್ತೈದನೆಯ ವಯಸ್ಸುಗಳ ನಡುವಣ ಜೀವನವನ್ನು ಕುರಿತೂ ಇಷ್ಟೇ ಶ್ರದ್ಧೆಯಿಂದ ಯೋಚಿಸಬೇಕೆಂಬುದು ನನ್ನ ಬೇಡಿಕೆ.

ಆದಕಾರಣ ಮಗನನ್ನೋ ಮಗಳನ್ನೋ ಇಂತಹ ಅಕಾಡೆಮಿಗೆ ಕಳುಹಿಸಲು ಹೊರಟ ತಂದೆತಾಯಿಗಳು, ಸಹಿಗೆ ಮುನ್ನ ಸಂಕೋಚವಿಲ್ಲದೆ ಕೆಲವು ಮಾತುಗಳನ್ನು ಕೇಳಬೇಕು. ಮಗುವಿನ ಹೆಸರು ಯಾವ ಶಾಲೆಯಲ್ಲಿ ದಾಖಲಾಗಿರುತ್ತದೆ, ಪಾಠ ಯಾವ ಭಾಷೆಯಲ್ಲಿ, ದಿನಕ್ಕೆ ಎಷ್ಟು ಹೊತ್ತು? ಗಾಯವಾದರೆ ಚಿಕಿತ್ಸೆಯ ವೆಚ್ಚ ಎಷ್ಟು ಕಾಲದವರೆಗೆ ಯಾರದು? ಮಧ್ಯದಲ್ಲಿ ಕೈಬಿಟ್ಟರೆ, ಮುಂದಿನ ವಿದ್ಯಾಭ್ಯಾಸಕ್ಕೆ ಏನು ಕೊಡುತ್ತೀರಿ? ಕಡೆಯ ಪ್ರಶ್ನೆಗೆ ದೊರೆತ ಉತ್ತರವನ್ನು ಕಾಗದದ ಮೇಲೆ ಬರೆಯಿಸಿಕೊಳ್ಳಬೇಕು. ಅಮೆರಿಕದ ಹುಡುಗನು ತನ್ನ ತಂಡದಿಂದ ಬರೆಯಿಸಿಕೊಳ್ಳುವಂತಹ ಮಾತನ್ನು ನಮ್ಮ ಮಕ್ಕಳು ಬರೆಯಿಸಿಕೊಳ್ಳಬಾರದೆಂಬ ಕಟ್ಟಳೆಯೇನೂ ಇಲ್ಲ. ಆಟಕ್ಕೆಂದು ತರಗತಿಯನ್ನು ಬಿಟ್ಟ ಮಗುವಿಗೆ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗಳನ್ನು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕವೂ, ತರುವಾಯ ಪದವಿಯನ್ನು 1996ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಮೂಲಕವೂ ಪಡೆಯುವ ಅವಕಾಶವಿದೆ. ಈ ಸಂಗತಿ ಎಷ್ಟೋ ಮನೆಗಳಿಗೆ ತಿಳಿದಿಲ್ಲದಿರುವುದರಿಂದ, ಅದನ್ನು ಹೇಳಬೇಕಾದವರು ಪ್ರೌಢಶಾಲೆಯ ದೈಹಿಕ ಶಿಕ್ಷಕರು. ಹುಡುಗನ ಕಾಲಿನ ವೇಗವನ್ನು ಮೊದಲು ಗುರುತಿಸುವವರು ಅವರೇ ಆದಕಾರಣ, ಅವರ ಮಾತಿಗೆ ಮನೆಯಲ್ಲಿ ತೂಕವಿದೆ.

ಕಾಲೇಜುಗಳ ಕಡೆಯಿಂದಲೂ ಆಗಬೇಕಾದ ಕೆಲಸವಿದೆ. ಹೊಸಪೇಟೆಯ ವಿಜಯನಗರ ಕಾಲೇಜಿನಂತಹ ಸಂಸ್ಥೆಗಳೂ, ಅವುಗಳ ಮೇಲಿರುವ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವೂ, ಮೂರು ವರ್ಷದ ಪದವಿಯನ್ನು ಆರು ವರ್ಷದಲ್ಲಿ ಮುಗಿಸಲು ಕ್ರೀಡಾಪಟುವಿಗೆ ಅನುಮತಿ ಕೊಟ್ಟು, ರಾಜ್ಯಮಟ್ಟದ ಪಂದ್ಯಾವಳಿಯ ದಿನವೇ ಪರೀಕ್ಷೆ ಬಿದ್ದಾಗ ಬೇರೊಂದು ದಿನಾಂಕವನ್ನು ಗೊತ್ತುಮಾಡಿ, ಹಾಜರಾತಿಯ ಲೆಕ್ಕದಲ್ಲಿ ಶಿಬಿರದ ದಿನಗಳನ್ನೂ ಸೇರಿಸಿದರೆ, ಐದು ವರ್ಷ ಆಟವನ್ನು ಬಿಟ್ಟು ಓದಿದ ಪ್ರಸನ್ನರ ಕಠೋರವಾದ ಆಯ್ಕೆಯು ಮುಂದಿನವರಿಗೆ ಅನಿವಾರ್ಯವಾಗದು. 2022ರಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟವು ಬೆಂಗಳೂರಿನಲ್ಲಿ ನಡೆದಾಗ, ಕಾಲೇಜಿನ ಅಂಗಳವೂ ಉನ್ನತ ಕ್ರೀಡೆಗೆ ನೆಲೆಯಾಗಬಲ್ಲದೆಂಬುದನ್ನು ನಾಡು ನೋಡಿದೆ. ಮುಂದಿನ ಶೈಕ್ಷಣಿಕ ವರ್ಷದ ವೇಳಾಪಟ್ಟಿಯನ್ನು ಸಿದ್ಧಪಡಿಸಲು ಕುಳಿತುಕೊಳ್ಳುವವರು, ಅದೇ ಮೇಜಿನ ಮೇಲೆ ರಾಜ್ಯ ಮತ್ತು ರಾಷ್ಟ್ರಮಟ್ಟದ ಪಂದ್ಯಾವಳಿಗಳ ದಿನಾಂಕಗಳನ್ನೂ ಹರಡಿಕೊಳ್ಳಲಿ. ತಮ್ಮ ಕಾಲೇಜಿನ ಯಾವ ಯಾವ ವಿದ್ಯಾರ್ಥಿಗಳು ಆ ದಿನಗಳಂದು ಕಣದಲ್ಲಿರುತ್ತಾರೆಂಬುದನ್ನು ಹೆಸರು ಹಿಡಿದು ಕೇಳಲಿ.